ಗುಳಿಗೆ ಇಲ್ಲದ ಮುಟಗಿ

ಇಳಕಲ್ಲಿನ ನಮ್ಮ ಓಣಿಯಲ್ಲಿ ನಾನು ಒಳ್ಳೆಯ ಹೆಂಗಸೆಂದು ಹೆಸರು ಮಾಡಿದ್ದೆ. ಆ ಹೆಸರು ನನ್ನ ಅಂಗನವಾಡಿ ಕೆಲಸದಿಂದ ಬಂತೆಂದು ಯಾರಾದರೂ ತಿಳಿದರೆ ತಪ್ಪು. ಇಪ್ಪತ್ತು ವರ್ಷ ಓಣಿಯ ಕೂಸುಗಳ ಮೂಗು ಒರೆಸಿದ್ದೇನೆ, ತೂಕ ಮಾಡಿ ಬರೆದಿಟ್ಟಿದ್ದೇನೆ, ಬಸುರಿಯರ ಮನೆ ಬಾಗಿಲಿಗೆ ಹೋಗಿ ಗುಳಿಗೆ ನುಂಗಿಸಿ ಬಂದಿದ್ದೇನೆ. ಅದಕ್ಕೆಲ್ಲ ಯಾರೂ ಒಂದು ಮೆಚ್ಚುಗೆಯ ಮಾತು ಆಡಲಿಲ್ಲ. ಅದು ಆಕೆಯ ಕೆಲಸ, ಮಾಡದೆ ಏನು ಮಾಡ್ಯಾಳು ಎಂಬ ಭಾವ. ಮೂರು ಕಾಲಿನ ಒಂದು ನಾಯಿ ನಮ್ಮ ಹೊಸ್ತಿಲಲ್ಲಿ ಮಲಗತೊಡಗಿದ ಮೇಲೆ ಮಾತ್ರ ನಾನು ಒಮ್ಮೆಲೇ ಪುಣ್ಯವಂತಳಾದೆ. ನೀರಿಗೆ ನಿಂತಲ್ಲಿ, ರೇಷನ್ ಅಂಗಡಿಯ ಮುಂದೆ, "ನಿಮ್ಮ ಮನಸ ದೊಡ್ಡದ್ರಿ ಅಕ್ಕಾರ, ಮೂಕ ಪ್ರಾಣೀನ ಸಾಕೀರಿ" ಎನ್ನುತ್ತಿದ್ದರು. ನಾನು "ಅಯ್ಯ, ಅದರಾಗೇನೈತಿ ಬಿಡ್ರಿ" ಎನ್ನುತ್ತಿದ್ದೆ. ಹಾಗೆನ್ನುತ್ತಲೇ, ಇನ್ನೊಂದು ಸಲ ಅಂದಾರೇನೋ ಎಂದು ಕಾಯುತ್ತಿದ್ದೆ.

ಆ ಹೊಗಳಿಕೆಯೂ ನನಗೆ ಸಲ್ಲಬೇಕಾದುದಲ್ಲ. ನಾಯಿಯನ್ನು ತಂದವಳು ನನ್ನ ಮಗಳು. ಆಗ ಅವಳು ಬಿ.ಕಾಂ. ಕೊನೆಯ ವರ್ಷದಲ್ಲಿದ್ದಳು. ಹೆದ್ದಾರಿಯ ತಿರುವಿನಲ್ಲಿ ಗ್ರಾನೈಟ್ ಕಲ್ಲು ಹೇರಿದ ಲಾರಿಯ ಗಾಲಿಗೆ ಸಿಕ್ಕು ಹಿಂಗಾಲು ಜಜ್ಜಿಹೋದ ನಾಯಿಯನ್ನು ತನ್ನ ದುಪಟ್ಟಾದಲ್ಲಿ ಸುತ್ತಿಕೊಂಡು ಬಂದು ಪಡಸಾಲೆಯಲ್ಲಿ ಇಳಿಸಿದಳು. "ಸಾಯೂ ನಾಯೀನ ತಂದು ಮನ್ಯಾಗ ಹಾಕ್ಕೊಂಡೀ, ಬುದ್ಧಿ ಐತೇನ ನಿನಗ?" ಎಂದು ನಾನು ಓಣಿಗೆಲ್ಲ ಕೇಳುವಂತೆ ಕೂಗಾಡಿದೆ. ನಮ್ಮ ಮನೆಯವರು ಪಡಸಾಲೆಯ ಕುಣಿಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕುಳಿತು ಸೀರೆ ನೇಯುತ್ತಿದ್ದರು. ಅವರದು ಮಾತು ಕಡಿಮೆ. ನಾನು ಆಡುವುದೇ ಇಬ್ಬರಿಗೂ ಸಾಕೆಂದು ಬಿಟ್ಟವರು. ಅಂದು ಲಾಳಿ ಕೆಳಗಿಟ್ಟು, ಕುಣಿಯಿಂದ ಮೇಲೆ ಬಂದು, ನಾಯಿಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ನೋಡಿ, "ಬಾಗಲಕೋಟಿಗೆ ಒಯ್ಯೂಣು" ಎಂದರು. ಅಪ್ಪ ಮಗಳು ಟಂಟಂ ಆಟೋ ಮಾಡಿಕೊಂಡು ಹೋದರು. ಅಲ್ಲಿ ಡಾಕ್ಟರು ಬಲಗಡೆಯ ಹಿಂಗಾಲನ್ನು ತೊಡೆಯವರೆಗೆ ತೆಗೆದರು. ವಿದ್ಯಾಗಿರಿಯಲ್ಲಿ ನನ್ನ ತಂಗಿಯ ಮನೆಯಿದೆ. ವಾರ ಅಲ್ಲೇ ಇಟ್ಟುಕೊಂಡು, ಪಟ್ಟಿ ಬಿಚ್ಚಿದ ಮೇಲೆ ಕರೆದುಕೊಂಡು ಬಂದರು.

ಮಗಳು ಅದಕ್ಕೊಂದು ಚಂದದ ಹೆಸರಿಟ್ಟಿದ್ದಳು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಮುಂದೆ ನಾನು ಮಾಡಿದ್ದನ್ನೆಲ್ಲ ಬರೆಯಬೇಕಾಗಿರುವಾಗ, ಆ ಹೆಸರು ಹಿಡಿದು ಕರೆಯುವ ಬಾಯಿ ನನ್ನದಲ್ಲ ಎನಿಸುತ್ತದೆ. ನಾಯಿ ಎಂದೇ ಬರೆಯುತ್ತೇನೆ.

ಮೂರು ಕಾಲಿನಲ್ಲಿ ಬದುಕುವುದನ್ನು ಅದು ಬಹಳ ಬೇಗ ಕಲಿಯಿತು. ನಡೆದರೆ ಕುಂಟುತ್ತಿತ್ತು, ಓಡಿದರೆ ಕುಂಟು ಕಾಣುತ್ತಲೇ ಇರಲಿಲ್ಲ. ಒಂದೇ ಒಂದು ಕೆಲಸ ಅದರ ಕೈಲಾಗುತ್ತಿರಲಿಲ್ಲ. ಬಲಗಿವಿಯಲ್ಲಿ ಕಡಿತ ಎದ್ದರೆ, ಕತ್ತರಿಸಿದ ಕಾಲಿನ ಮೋಟು ಗಡಗಡ ಅಲ್ಲಾಡುವುದು. ಕಾಲು ಇದೆಯೆಂದೇ ನಂಬಿ ಗಾಳಿಯನ್ನು ಕೆರೆಯುವುದು. ಕಿವಿಗೆ ಏನೂ ತಾಕದು. ಮಗಳು ಎಲ್ಲಿದ್ದರೂ ಎದ್ದು ಬಂದು ಆ ಕಿವಿ ಕೆರೆದು ಹೋಗುತ್ತಿದ್ದಳು. ನಮ್ಮವರು ನೇಯುವಾಗ ಅದು ಮಗ್ಗದ ಕುಣಿಯ ಅಂಚಿಗೆ ಮಲಗುತ್ತಿತ್ತು. ಮಗ್ಗದ ಸದ್ದು ನಿಂತರೆ ತಲೆಯೆತ್ತಿ ನೋಡುತ್ತಿತ್ತು, ಯಾಕೆ ಕೆಲಸ ನಿಲ್ಲಿಸಿದೆ ಎಂದು ಕೇಳುವ ಸಾಹುಕಾರನ ಹಾಗೆ. "ನೇಯತೇನಪಾ, ನೇಯತೇನಿ" ಎಂದು ನಮ್ಮವರು ಮತ್ತೆ ಲಾಳಿ ಹಿಡಿಯುತ್ತಿದ್ದರು. ನನ್ನ ಸಂಗಡ ಆಡುವುದಕ್ಕಿಂತ ಹೆಚ್ಚು ಮಾತು ಅವರು ಅದರ ಸಂಗಡ ಆಡಿದ್ದಾರೆ.

ಹೀಗೆ ಒಂದೂವರೆ ವರ್ಷ ಕಳೆಯಿತು. ಒಂದು ಬೆಳಿಗ್ಗೆ ನಾನು ಅಂಗನವಾಡಿಗೆ ಹೊರಡಲು ಸೀರೆಯ ನೆರಿಗೆ ಹಿಡಿಯುತ್ತಿದ್ದೆ. ಪಡಸಾಲೆಯಲ್ಲಿ ಧಪ್ಪೆಂದು ಸದ್ದಾಯಿತು. ಬಂದು ನೋಡಿದರೆ ನಾಯಿ ಅಡ್ಡ ಬಿದ್ದಿತ್ತು. ಕುತ್ತಿಗೆ ಹಿಂದಕ್ಕೆ ಸೆಟೆದಿತ್ತು, ಹಲ್ಲು ಕಟಕಟ ಕಡಿಯುತ್ತಿತ್ತು, ಬಾಯಿಂದ ನೊರೆ, ಕೆಳಗೆಲ್ಲ ಉಚ್ಚೆ. ಇದ್ದ ಮೂರು ಕಾಲೂ, ಇಲ್ಲದ ಕಾಲಿನ ಮೋಟೂ ಓಡುವಂತೆ ಬಡಿದುಕೊಳ್ಳುತ್ತಿದ್ದವು. ಮಗಳು ತಲೆ ಹಿಡಿದು ಕೂತು ಅಳುತ್ತಿದ್ದಳು. ಗದ್ದಲ ಕೇಳಿ ಎದುರು ಮನೆಯ ಮುದುಕಿ ಕೀಲಿಕೈ ಗೊಂಚಲು ಹಿಡಿದು ಓಡಿ ಬಂದಳು.

"ಫಿಟ್ಸ್ ಬಂದಾವ ಇದಕ್ಕ! ಕೈಯಾಗ ಕಬ್ಬಿಣ ಹಿಡಸ್ರಿ, ಲಗೂ!"

"ನಾಯಿ ಕೈಯಾಗ ಹೆಂಗ ಹಿಡಸೂದ ಆಯಿ?" ಎಂದಳು ಮಗಳು ಅಳುತ್ತಲೇ.

ಮುದುಕಿ ಒಂದು ಗಳಿಗೆ ಯೋಚಿಸಿ ಗೊಂಚಲನ್ನು ನಾಯಿಯ ಹೊಟ್ಟೆಯ ಮೇಲಿಟ್ಟಳು. ಎರಡು ನಿಮಿಷಕ್ಕೆ ಒದ್ದಾಟ ತಾನಾಗಿ ನಿಂತಿತು. ತನ್ನ ಕೀಲಿಕೈಯಿಂದಲೇ ನಿಂತಿತೆಂದು ಆಕೆ ಇವತ್ತಿಗೂ ಹೇಳುತ್ತಾಳೆ. ಆಮೇಲೆ ನಾಯಿ ಎದ್ದು ಕುರುಡರಂತೆ ನಡೆಯಿತು. ಗೋಡೆಗೆ ತಲೆ ಬಡಿಸಿಕೊಂಡಿತು, ಮಗಳನ್ನೂ ಗುರುತು ಹಿಡಿಯಲಿಲ್ಲ. ಅರ್ಧ ತಾಸಿನ ಮೇಲೆ ನೀರು ಕುಡಿದು ಅವಳ ಕಾಲ ಹತ್ತಿರ ಮಲಗಿತು.

ಆ ತಿಂಗಳಲ್ಲಿ ಇನ್ನೂ ಎರಡು ಸಲ ಬಂತು. ಹುನಗುಂದದಲ್ಲಿ ನಮ್ಮವರಿಗೆ ಪರಿಚಯದ ದನದ ಡಾಕ್ಟರೊಬ್ಬರಿದ್ದರು. ಅವರ ಹತ್ತಿರ ಒಯ್ದೆವು. ಲಾರಿ ಹೊಡೆದಾಗ ತಲೆಗೂ ಪೆಟ್ಟಾಗಿರಬಹುದು, ಆಗಿರಲಿಕ್ಕಿಲ್ಲ, ಹೇಳಲಾಗದು ಎಂದರು. ಚೀಟಿ ಬರೆದುಕೊಟ್ಟು, ನನ್ನ ಕಡೆ ನೋಡಿ, ಬೆರಳೆತ್ತಿ ಹೇಳಿದರು:

"ಇದು ಮನಷ್ಯಾರಿಗೆ ಕೊಡೂ ಗುಳಿಗೀನ. ಮೆಡಿಕಲ್ ಅಂಗಡ್ಯಾಗ ಸಿಗತೈತಿ. ಮುಂಜಾನಿಗೊಂದು, ಸಂಜೀಗೊಂದು, ಹೊತ್ತ ತಪ್ಪಸಬ್ಯಾಡ್ರಿ. ಆರಾಮ ಆತು ಅಂತ ಬಿಟ್ಟಗಿಟ್ಟೀರಿ ಮತ್ತ! ಬಿಟ್ರ ಮೊದ್ಲಿನಕಿಂತ ಜೋರ ಬರ್ತಾವು, ಒಂದರ ಬೆನ್ನಿಗೊಂದು ಬರ್ತಾವು. ಜೀವಕ್ಕ ಅಪಾಯ."

"ನಾ ಅಂಗನವಾಡಿ ಟೀಚರ ಅದೇನ್ರಿ ಸರ, ನನಗ ಗೊತ್ತಿಲ್ಲೇನು" ಎಂದೆ, ಸ್ವಲ್ಪ ಬಿಗುಮಾನದಿಂದಲೇ.

ಗುಳಿಗೆಯನ್ನು ಹಾಗೆಯೇ ಕೊಟ್ಟರೆ ನಾಯಿ ಉಗುಳುತ್ತಿತ್ತು. ಅದಕ್ಕೆ ನಾನು ಮುಟಗಿ ಮಾಡತೊಡಗಿದೆ. ಬಿಸಿ ಜೋಳದ ರೊಟ್ಟಿಯನ್ನು ಕಿವುಚಿ, ಬೆಲ್ಲ ತುಪ್ಪ ಹಾಕಿ ಮುಷ್ಟಿಯಲ್ಲಿ ಹಿಚುಕಿ ಉಂಡೆ ಕಟ್ಟುವುದು. ನಮ್ಮ ಮನೆಗಳಲ್ಲಿ ಹಲ್ಲು ಬರುವ ಕೂಸುಗಳಿಗೆ ಮಾಡಿ ಕೊಡುವ ತಿನಿಸು. ಅದರ ನಡುವೆ ಗುಳಿಗೆ ಹುದುಗಿಸಿದರೆ ನಾಯಿ ಒಂದೇ ಗುಟುಕಿಗೆ ನುಂಗುತ್ತಿತ್ತು. ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ ನನ್ನ ಎದುರು ಬಂದು ಕೂತುಬಿಡುತ್ತಿತ್ತು. ಫಿಟ್ಸ್ ನಿಂತವು. ನಾಲ್ಕೈದು ತಿಂಗಳು ಒಮ್ಮೆಯೂ ಬರಲಿಲ್ಲ. ಓಣಿಯಲ್ಲಿ ನನ್ನ ಪುಣ್ಯ ಇನ್ನೊಂದು ಮೆಟ್ಟಿಲು ಏರಿತು.

ಕೇಡು ಬಂದದ್ದು ಮೆಡಿಕಲ್ ಅಂಗಡಿಯ ಕಟ್ಟೆಯಿಂದ. ಅಂಗಡಿಯವನದೇನೂ ತಪ್ಪಿಲ್ಲ. ಅಂಥ ಗುಳಿಗೆ ಚೀಟಿ ಇಲ್ಲದೆ ಕೊಡುವಂತಿಲ್ಲ, ಕೊಟ್ಟಾಗ ವಹಿಯಲ್ಲಿ ಹೆಸರು ಬರೆದುಕೊಳ್ಳಬೇಕು. ಮಗಳು ಡಿಗ್ರಿ ಮುಗಿಸಿ ಒಂದು ಸೊಸೈಟಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ತಿಂಗಳಿಗೊಮ್ಮೆ ಬರುವ ದಾರಿಯಲ್ಲಿ ಅವಳೇ ತರುತ್ತಿದ್ದಳು, ವಹಿಯಲ್ಲಿ ಅವಳದೇ ಹೆಸರು ಬೀಳುತ್ತಿತ್ತು. ಹಿಂದೆ ನಿಂತವರ್ಯಾರೋ ನೋಡಿದರು, ಯಾರಿಗೋ ಹೇಳಿದರು. ಒಂದು ದಿನ ನೀರಿನ ಸಾಲಿನಲ್ಲಿ ಹಿಂದಿನ ಓಣಿಯವಳೊಬ್ಬಳು ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಕೇಳಿದಳು:

"ಮಗಳಿಗೆ ಈಗ ಆರಾಮ ಐತೇನ್ರಿ ಅಕ್ಕಾರ?"

"ಆಕಿಗೇನಾಗೇತಿ?"

"ಏನಿಲ್ಲ ಬಿಡ್ರಿ. ಫಿಟ್ಸಿನ ಗುಳಿಗಿ ನಡದಾವು ಅಂದ್ರು."

"ಅವು ನಾಯೀವು!"

"ಹೂಂ ಹೂಂ, ನಾಯೀವು," ಎಂದಳು. ಅವಳ ಮುಖದಲ್ಲಿ ಎಷ್ಟು ಕನಿಕರ ತುಂಬಿತ್ತೆಂದರೆ ಕಪಾಳಕ್ಕೆ ಬಾರಿಸಬೇಕೆನಿಸಿತು. "ಯಾರ ಮುಂದನೂ ಹೇಳಂಗಿಲ್ಲ ತಗೋರಿ. ನಮ್ಮ ಮನ್ಯಾಗೂ ಹೆಣ್ಮಕ್ಕಳದಾರ."

ನಾಯಿಗೆ ದಿನಕ್ಕೆರಡು ಹೊತ್ತು ಮನುಷ್ಯರ ಗುಳಿಗೆ ಹಾಕುತ್ತಾರೆಂದರೆ ಯಾರು ನಂಬಬೇಕು? ನಾನು ಬಿಡಿಸಿ ಹೇಳಿದಷ್ಟೂ ಅವರಿಗೆ ಗಟ್ಟಿಯಾಯಿತು. ಪಾಪದ ಕುಂಟ ನಾಯಿಯನ್ನು ಮುಂದೆ ಮಾಡಿಕೊಂಡು ಮಗಳ ರೋಗ ಮುಚ್ಚಿಟ್ಟಿದ್ದಾರೆ ನೋಡಿ, ಎಂದು ಮಾತು ಬೆಳೆಯಿತು. ಊರ ಬಾಯಿಗೆ ಮುಚ್ಚಳವಿಲ್ಲ. ಅದೇ ಹೊತ್ತಿಗೆ ಗುಳೇದಗುಡ್ಡದ ಕಡೆಯಿಂದ ಬಂದಿದ್ದ ಒಂದು ಸಂಬಂಧ, ಮಾತುಕತೆ ಮುಗಿಯಿತೆನ್ನುವಾಗ, ತಣ್ಣಗೆ ಹಿಂದೆ ಸರಿಯಿತು. "ಹುಡುಗಿಗೆ ಏನೋ ಆರಾಮಿಲ್ಲಂತಲ್ಲ" ಎಂದು ನಡುವಿನವರು ಹೇಳಿ ಕಳಿಸಿದರು. ಮಗಳು ನಕ್ಕುಬಿಟ್ಟಳು. "ಗುಳಿಗಿ ಯಾರಿಗೆ ಅಂತ ಕೇಳೂ ಬುದ್ಧಿ ಇಲ್ಲದ ಮನಿ ತಪ್ಪಿದ್ದ ಛಲೋ ಆತು" ಎಂದಳು. ನನಗೆ ನಗು ಬರಲಿಲ್ಲ. ಎರಡು ದಿನ ಅನ್ನ ಸೇರಲಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ನನ್ನ ಅಂಗನವಾಡಿಗೆ ಬರುವ ಒಂದು ಹೆಣ್ಣುಕೂಸಿಗೆ ಫಿಟ್ಸ್ ಇದ್ದವು. ಅದರ ತಾಯಿ ಯಾರಿಗೂ ಹೇಳದೆ ದೇವರು, ತಾಯಿತ ಎಂದು ತಿರುಗುತ್ತಿದ್ದಳು. ತಾಯಂದಿರ ಸಭೆಯಲ್ಲಿ ಅವಳನ್ನು ಎದುರಿಗೆ ಕೂರಿಸಿಕೊಂಡು ನಾನು ಭಾಷಣ ಮಾಡಿದ್ದೆ: "ಇದು ಶಾಪ ಅಲ್ಲ, ದೆವ್ವ ಅಲ್ಲ, ಬರೇ ಒಂದು ಜಡ್ಡು. ಮುಚ್ಚಿಡಬ್ಯಾಡ್ರಿ. ಜನ ಏನಂತಾರಂತ ಗುಳಿಗಿ ತಪ್ಪಸಬ್ಯಾಡ್ರಿ." ಹೆಂಗಸರೆಲ್ಲ ತಲೆದೂಗಿದ್ದರು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆ ಯಾರಿಗಾಗಿ ಹುಟ್ಟಿತೋ, ನನಗೆ ಸರಿಯಾಗಿ ಹೊಂದುತ್ತದೆ.

ಯಾಕೆಂದರೆ ಬಾದಾಮಿಯಿಂದ ಎರಡನೆಯ ಸಂಬಂಧ ಬಂದಾಗ ನಾನು ಮಾಡಿದ ಮೊದಲ ಕೆಲಸವೇ ಇಳಕಲ್ಲಿನಲ್ಲಿ ಗುಳಿಗೆ ಕೊಳ್ಳುವುದನ್ನು ನಿಲ್ಲಿಸಿದ್ದು. ಹುಡುಗ ಸರ್ವೆ ಇಲಾಖೆಯಲ್ಲಿ ನೌಕರ, ಮನೆತನ ಒಳ್ಳೆಯದು. ಅವರು ನಮ್ಮೂರಲ್ಲಿ ವಿಚಾರಿಸದೆ ಇರುತ್ತಾರೆಯೇ? ಮೆಡಿಕಲ್ ಅಂಗಡಿ ನಮ್ಮ ಓಣಿಯ ಬಾಯಲ್ಲೇ ಇತ್ತು, ನೂರು ಹೆಜ್ಜೆ. ಇನ್ನು ಮುಂದೆ ನಮ್ಮ ಮನೆಯವರು ಯಾರೂ ಆ ಕಟ್ಟೆ ಹತ್ತಬಾರದು ಎಂದು ನಾನು ಮನಸ್ಸಿನಲ್ಲೇ ಕಟ್ಟು ಮಾಡಿದೆ. "ಬಾಗಲಕೋಟ್ಯಾಗ ಛಲೋ ಕಂಪನೀವು ಸಿಗತಾವಂತ, ಚಿಗವ್ವ ಕಳಸ್ತಾಳ. ಇನ್ನ ನೀ ತರಬ್ಯಾಡ, ಗುಳಿಗಿ ಕೆಲಸ ನನಗ ಬಿಡು" ಎಂದು ಮಗಳಿಗೆ ಹೇಳಿದೆ. ಚೀಟಿಯ ಝೆರಾಕ್ಸ್ ತಂಗಿಗೆ ಕಳಿಸಿದೆ. ಅವಳು ಬಸ್ಸಿನಲ್ಲಿ ಬರುವವರ ಕೈಯಲ್ಲಿ ಕಳಿಸುತ್ತಿದ್ದಳು. ಒಂದು ತಿಂಗಳು ಹೇಗೋ ನಡೆಯಿತು.

ಎರಡನೆಯ ತಿಂಗಳು ತಂಗಿ ಯಾರದೋ ಮದುವೆಗೆಂದು ಪರವೂರಿಗೆ ಹೋದಳು. ಬಂದ ಮೇಲೆ ಕಳಿಸುತ್ತೇನೆಂದಳು. ಬಾದಾಮಿಯವರು ಭಾನುವಾರ ಕನ್ಯಾ ನೋಡಲು ಬರುತ್ತೇವೆಂದು ಹೇಳಿ ಕಳಿಸಿದ್ದರು. ಡಬ್ಬಿಯಲ್ಲಿ ಗುಳಿಗೆ ಕಡಿಮೆಯಾಗುತ್ತ ಬಂತು. ನಾನು ಒಂದನ್ನು ಎರಡು ತುಂಡು ಮಾಡಿ ಅರ್ಧರ್ಧ ಕೊಡತೊಡಗಿದೆ. ಏನೂ ಆಗಲಿಲ್ಲ. ಬುಧವಾರ ಸಂಜೆಗೆ ಅರ್ಧವೂ ಮುಗಿಯಿತು. ಭಾನುವಾರಕ್ಕೆ ಇನ್ನು ಮೂರು ದಿನ ಪೂರ್ತಿ ಇದ್ದವು. ಮೂರು ದಿನದಲ್ಲಿ ಏನಾದೀತು ಎಂದುಕೊಂಡೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಹಿರಿಯರೇ ಹೇಳಿದ್ದಾರಲ್ಲ, ನಾನು ಇನ್ನೂ ಒಂದೆರಡರಲ್ಲೇ ಇದ್ದೇನೆ ಎಂದು ಸಮಾಧಾನ ಮಾಡಿಕೊಂಡೆ.

ಗುರುವಾರ ಬೆಳಿಗ್ಗೆ ಏಳಕ್ಕೆ ನಾಯಿ ಎಂದಿನಂತೆ ಬಂದು ಕೂತಿತು. ಮಗಳು ತಲೆ ಬಾಚಿಕೊಳ್ಳುತ್ತ ಬಾಗಿಲಲ್ಲೇ ನಿಂತಿದ್ದಳು. ನಾನು ರೊಟ್ಟಿ ಕಿವುಚಿದೆ, ಬೆಲ್ಲ ತುಪ್ಪ ಹಾಕಿದೆ, ಖಾಲಿ ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಮುಚ್ಚಿದೆ, ಬೆರಳಿನಿಂದ ಉಂಡೆಯ ನಡುವೆ ಒತ್ತಿದಂತೆ ಮಾಡಿದೆ. ನಾಯಿಯ ಬಾಯಿಗೆ ಕೊಟ್ಟೆ. ಅದು ಅಂದು ಒಂದೇ ಗುಟುಕಿಗೆ ನುಂಗಲಿಲ್ಲ. ಕಹಿ ಎಲ್ಲಿದೆಯೆಂದು ಹುಡುಕುತ್ತಿತ್ತೋ ಏನೋ, ನಿಧಾನ ಅಗಿಯಿತು. ಸಿಗಲಿಲ್ಲ. ಬಾಲ ಆಡಿಸಿ ನನ್ನ ಅಂಗೈಯನ್ನು ಪೂರ್ತಿ ನೆಕ್ಕಿತು. ಇವಳು ಇವತ್ತು ನನಗೆ ಬರಿಯ ಸಿಹಿ ಕೊಟ್ಟಳು ಎಂದು ಅದಕ್ಕೆ ಖುಷಿಯಾಗಿತ್ತು.

"ಗುಳಿಗಿ ಹೋತೇನವ್ವಾ?" ಎಂದಳು ಮಗಳು.

"ಹೋತು. ಕಣ್ಣಲೇ ನೋಡೀಯಲ್ಲ."

ಹೀಗೆ ಬರಿಯ ಮುಟಗಿಯನ್ನು ಗುರುವಾರ ಎರಡು ಸಲ, ಶುಕ್ರವಾರ ಎರಡು ಸಲ, ಶನಿವಾರ ಎರಡು ಸಲ ಕೊಟ್ಟೆ. ಬೇರೆ ಯಾವ ತಪ್ಪನ್ನಾದರೂ ಅವಸರದಲ್ಲಿ, ಸಿಟ್ಟಿನಲ್ಲಿ ಆಯಿತು ಎನ್ನಬಹುದು. ಇದನ್ನು ನಾನು ತಿಳಿದೂ ತಿಳಿದೂ, ತುಪ್ಪ ಹಾಕಿ ಮಾಡಿದ್ದೇನೆ.

ಭಾನುವಾರ ಮಗ್ಗ ನಿಂತಿತ್ತು. ಪಡಸಾಲೆ ಸಾರಿಸಿ, ಮಗ್ಗದ ಮೇಲೆ ಬಿಳಿ ಚಾದರ ಹೊದಿಸಿ, ಕುರ್ಚಿ ಹಾಕಿದ್ದೆವು. ನಾನು ಒಲೆಯ ಮುಂದೆ ಶಿರಾ ತಿರುವುತ್ತಿದ್ದೆ. ಬೆಳಗಿನಿಂದ ನಾಯಿ ಒಂದು ಕಡೆ ಕೂರುತ್ತಿರಲಿಲ್ಲ. ಅಡುಗೆ ಮನೆಗೆ ಬರುವುದು, ನನ್ನ ಕಾಲಿಗೆ ತಲೆ ಒತ್ತಿ ನಿಲ್ಲುವುದು, ತಿರುಗಿ ಹೋಗುವುದು, ಮತ್ತೆ ಬರುವುದು. ಫಿಟ್ಸ್ ಬರುವ ಮೊದಲು ಅದು ಹಾಗೆಯೇ ಮಾಡುತ್ತದೆಂದು ನನಗೆ ಗೊತ್ತಿತ್ತು. ಆಗಲೂ ಮೆಡಿಕಲ್ ಅಂಗಡಿಗೆ ನೂರೇ ಹೆಜ್ಜೆ. ನಾನು ಮೊಳಕಾಲಿನಿಂದ ಅದನ್ನು ಆಚೆ ದೂಡಿದೆ. ಮೂರನೆಯ ಸಲ ಬಂದಾಗ ಸರಪಳಿ ಹಾಕಿ ಹಿತ್ತಲಿನ ಕಂಬಕ್ಕೆ ಕಟ್ಟಿ ಬಂದೆ. "ಬಂದವ್ರ ಬಟ್ಟಿ-ಅರಿವಿಗೆ ಕೂದಲಾ ಹತ್ತತಾವು" ಎಂದು ಮಗಳಿಗೆ ಹೇಳಿದೆ. ಅದೂ ಒಂದು ಸುಳ್ಳು.

ಹನ್ನೊಂದರ ಹೊತ್ತಿಗೆ ಬಾದಾಮಿಯವರು ಕಾರಿನಲ್ಲಿ ಬಂದರು. ಹುಡುಗ, ಅವನ ತಾಯಿ, ಸೋದರಮಾವ, ಮೂವರೇ. ಮಗಳು ಅಪ್ಪ ನೇಯ್ದ ಸೀರೆ ಉಟ್ಟು ಚಹಾದ ತಾಟು ತಂದಳು. ಹುಡುಗನ ತಾಯಿ ಹತ್ತಿರ ಕೂರಿಸಿಕೊಂಡು ಓದಿನ ಬಗ್ಗೆ, ಕೆಲಸದ ಬಗ್ಗೆ ಕೇಳಿದಳು. ಮಗಳು ಅಂಜದೆ ಉತ್ತರ ಕೊಡುತ್ತಿದ್ದಳು. ನನ್ನ ಎದೆ ಇಷ್ಟಿಷ್ಟೇ ಹಗುರಾಗುತ್ತಿತ್ತು. ಆಗ ಹಿತ್ತಲಿನಲ್ಲಿ ಕೊಡ ಉರುಳಿದ ಸದ್ದಾಯಿತು. ಅದರ ಹಿಂದೆಯೇ ಸರಪಳಿ ಕಲ್ಲಿಗೆ ಬಡಿಯುವ ಸದ್ದು, ಬಿಡದೆ.

ಮಗಳು ಮಾತು ನಿಲ್ಲಿಸಿ ನನ್ನ ಕಡೆ ನೋಡಿದಳು. ಏಳಬೇಡ ಎಂದು ನಾನು ಕಣ್ಣಲ್ಲೇ ಗದರಿಸಿದೆ.

"ಏನದು?" ಎಂದಳು ಹುಡುಗನ ತಾಯಿ.

"ಏನಿಲ್ಲರಿ, ಓಣ್ಯಾನ ನಾಯಿ. ಹಿತ್ತಲಕ್ಕ ಬಂದಿರ್ತೈತಿ."

ನಾನು ಆ ಮಾತು ಆಡಿದಾಗ ಮಗಳು ನನ್ನನ್ನು ನೋಡಿದ ನೋಟವನ್ನು ಬರೆಯಲು ನನಗೆ ಬರುವುದಿಲ್ಲ. ಅವಳು ಬಟ್ಟಲು ಕೆಳಗಿಟ್ಟು ಎದ್ದು ಓಡಿದಳು. ನಮ್ಮವರು ಅವಳ ಹಿಂದೆ, ಹುಡುಗ ಅವರ ಹಿಂದೆ, ಎಲ್ಲರೂ ಹಿತ್ತಲಿಗೆ ಬಂದೆವು. ನಾಯಿ ಒದ್ದೆ ಬಂಡೆಯ ಮೇಲೆ ಬಿದ್ದು ಒದ್ದಾಡುತ್ತಿತ್ತು. ಮಗಳು ಅದರ ಕೊರಳ ಸರಪಳಿ ಬಿಚ್ಚಿ, ತಲೆಯ ಕೆಳಗೆ ತನ್ನ ಸೆರಗು ಮಡಚಿ ಇಟ್ಟಿದ್ದಳು. ನೊರೆ, ಉಚ್ಚೆ ಎಲ್ಲ ಸೀರೆಗೆ ಬಳಿದಿತ್ತು. ನನ್ನ ಕಣ್ಣು ಮೊದಲು ಹೋದದ್ದು ಸೀರೆಯ ಮೇಲೆ. ಇದನ್ನೂ ಬರೆಯುತ್ತೇನೆ.

"ಓಣೀ ನಾಯಿಗೆ ಸರಪಳಿ ಹಾಕೀರಲ್ಲರಿ" ಎಂದರು ಸೋದರಮಾವ. ಕುಹಕದಿಂದಲ್ಲ, ತಿಳಿಯದೆಯೇ ಕೇಳಿದರು.

ಒಂದು ನಿಂತಿತು ಎನ್ನುವಷ್ಟರಲ್ಲಿ ಇನ್ನೊಂದು ಹಿಡಿಯಿತು. ಡಾಕ್ಟರು ಹೇಳಿದ ಹಾಗೆಯೇ, ಒಂದರ ಬೆನ್ನಿಗೊಂದು. ಮಗಳು ತಲೆಯೆತ್ತದೆ ಕೇಳಿದಳು, "ಅವ್ವಾ, ಮುಂಜಾನೆ ಗುಳಿಗಿ ಕೊಟ್ಟೀಯಲ್ಲ?"

"ಕೊಟ್ಟೇನಿ" ಎಂದೆ.

ಆ ಗಳಿಗೆಯಲ್ಲಾದರೂ ಖರೆ ಹೇಳಿದ್ದರೆ ಇಷ್ಟು ಕೊರಗುತ್ತಿರಲಿಲ್ಲವೇನೋ. ಯಾರಾದರೂ ಓಡಿ ಹೋಗಿ ಗುಳಿಗೆ ತರುತ್ತಿದ್ದರು, ನುಂಗಿಸಲು ಆಗುತ್ತಿತ್ತೋ ಇಲ್ಲವೋ, ಫೋನಿನಲ್ಲಿ ಡಾಕ್ಟರಿಗೆ ಇದ್ದದ್ದು ಇದ್ದ ಹಾಗೆ ಹೇಳಲಾದರೂ ಆಗುತ್ತಿತ್ತು. ಹುಡುಗ ತನ್ನ ಕಾರಿನ ಕೀಲಿ ತೆಗೆದು, "ಗಾಡಿ ಐತಿ, ನಡೀರಿ ಹೋಗೂಣು" ಎಂದ. ನಮ್ಮವರು ನಾಯಿಯನ್ನು ಎತ್ತಿಕೊಂಡರು. ಮಗಳು ಹಿಂದಿನ ಸೀಟಿನಲ್ಲಿ ಅದನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಳು. ಕಾರು ಹುನಗುಂದದ ದಾರಿ ಹಿಡಿಯಿತು.

ನಾನು ಹೋಗಲಿಲ್ಲ. ಬೀಗರಾಗುವವರನ್ನು ಬಿಟ್ಟು ಹೇಗೆ ಹೋಗುವುದು ಎಂದು ಉಳಿದೆ. ತಾಟಿನಲ್ಲಿ ಶಿರಾ ಬಡಿಸಿದೆ, "ಇನ್ನೊಂದೀಟು ಹಾಕ್ಕೋರಿ" ಎಂದು ಉಪಚಾರ ಮಾಡಿದೆ. ಹುಡುಗನ ತಾಯಿ ಚಮಚ ಮುಟ್ಟದೆ ಕೂತಿದ್ದಳು.

"ನಾಯಿಗೂ ಫಿಟ್ಸ್ ಬರ್ತಾವಂತ ನನಗ ಗೊತ್ತಿರಲಿಲ್ಲರಿ. ಅದಕ್ಕೇನರ ಗುಳಿಗಿ ಅದಾವೇನ?" ಎಂದು ಕೇಳಿದಳು.

"ಅದಾವಂತ್ರಿ" ಎಂದೆ, ಎಲ್ಲೋ ಯಾರೋ ಹೇಳಿದ್ದನ್ನು ಕೇಳಿದವಳಂತೆ.

ಮೂರು ಗಂಟೆಗೆ ಅವರು ತಿರುಗಿ ಬಂದರು. ನಮ್ಮವರ ಕೈಯಲ್ಲಿ ನಾಯಿ ಗೋಣಿಚೀಲದಲ್ಲಿತ್ತು. ಹಿತ್ತಲಿನ ಬೇವಿನ ಬುಡದಲ್ಲಿ ಅಪ್ಪ ಮಗಳು ಕುಣಿ ತೋಡಿದರು. ಬಾದಾಮಿಯ ಹುಡುಗ ಶರ್ಟಿನ ತೋಳು ಮಡಚಿ ಮಣ್ಣು ಎಳೆದ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಬಂದವರು ಹೋದ ಮೇಲೆ ನಮ್ಮವರು ಕೈಕಾಲು ತೊಳೆದು ಬಂದು ನನ್ನ ಎದುರು ಕೂತರು. ಆ ವರ್ಷದಲ್ಲಿ ಅವರು ಆಡಿದ ಅತಿ ಉದ್ದದ ಮಾತು ಅದೇ ಇರಬೇಕು.

"ಎಷ್ಟ ದಿನಾ ಗುಳಿಗಿ ಬಿಟ್ಟಿದ್ರಿ ಅಂತ ಡಾಕ್ಟರ ಕೇಳಿದ್ರು. ಒಂದ ಹೊತ್ತೂ ಬಿಟ್ಟಿಲ್ಲರಿ, ನಮ್ಮವ್ವ ತನ್ನ ಕೈಯಾರೆ ಕೊಟ್ಟಾಳ ಅಂದ್ಲು ನಿನ್ನ ಮಗಳು. ಡಾಕ್ಟರ ನನ್ನ ಮಾರಿ ನೋಡಿದ್ರು. ನಾ ಕೆಳಗ ನೋಡಿದೆ. ಖಾಲಿ ಡಬ್ಬಿ ಶುಕ್ರವಾರನ ನೋಡಿದ್ದೆ. ನೀ ಎಲ್ಲಿಂದರ ತರಸ್ತೀ ಅಂತ ಸುಮ್ಮನಾದೆ. ಕೇಳಬೇಕಾಗಿತ್ತು, ಕೇಳಲಿಲ್ಲ."

ಅಷ್ಟು ಹೇಳಿ ಎದ್ದು ಹೋದರು. ಅವರ ಮೌನಕ್ಕೆ ಎಷ್ಟೋ ಸಲ ಬೈದಿದ್ದೇನೆ. ಅಂದು ಅವರು ತಮ್ಮ ಪಾಲು ತಾವು ಒಪ್ಪಿಕೊಂಡರು, ನಾನು ಬಾಯಿ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ವಿದ್ಯಾಗಿರಿಯಿಂದ ಗುಳಿಗೆಯ ಪೊಟ್ಟಣ ಬಂತು. ಬಸ್ಸಿನಲ್ಲಿ ಬಂದ ಪರಿಚಯದ ಹೆಂಗಸು ಮನೆ ಬಾಗಿಲಿಗೇ ತಂದುಕೊಟ್ಟಳು. ಇಸಿದುಕೊಂಡವಳು ಮಗಳು. ಬಾಗಿಲಲ್ಲೇ ನಿಂತು ತನ್ನ ಚಿಗವ್ವನಿಗೆ ಫೋನು ಮಾಡಿದಳು. ಹಿಂದಿನ ಪೊಟ್ಟಣ ಯಾವಾಗ ಕಳಿಸಿದ್ದಿ, ಅದರಲ್ಲಿ ಎಷ್ಟಿದ್ದವು ಎಂದು ಕೇಳಿದಳು. ಬೇರೆ ಏನೂ ಕೇಳಲಿಲ್ಲ. ಪೊಟ್ಟಣವನ್ನು ತಂದು ಒಲೆಯ ಪಕ್ಕದ ಹಲಗೆಯ ಮೇಲೆ, ನನಗೆ ಕಾಣುವ ಹಾಗೆ ಇಟ್ಟು ಕೆಲಸಕ್ಕೆ ಹೋದಳು. ಬೈಯುತ್ತಾಳೆ, ಅಳುತ್ತಾಳೆ ಎಂದು ನಾನು ದಿನವೂ ಕಾಯುತ್ತಿದ್ದೆ. ಉಣ್ಣು ಎಂದರೆ ಉಂಡಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಹಾಗೆ ಎಂಟು ದಿನ ಹೋಯಿತು.

ಒಂಬತ್ತನೆಯ ದಿನ ಬಾದಾಮಿಯಿಂದ ಹುಡುಗನ ತಾಯಿಯೇ ಫೋನು ಮಾಡಿದಳು. "ನಮಗ ಹುಡುಗಿ ಮನಸಿಗೆ ಬಂದಾಳ್ರಿ. ಆಕಿ ಚಹಾ ಬಿಟ್ಟು ಎದ್ದು ಓಡಿದ್ಲು ನೋಡ್ರಿ, ನಮ್ಮ ಹುಡುಗ ಅಲ್ಲೇ ಒಪ್ಪಿದ" ಎಂದಳು. ಮೆಡಿಕಲ್ ಅಂಗಡಿ, ವಹಿ, ನೀರಿನ ಸಾಲಿನ ಮಾತು, ಇವು ಯಾವುವೂ ಅವರಿಗೆ ಗೊತ್ತೇ ಇರಲಿಲ್ಲ. ಗೊತ್ತಾಗಿದ್ದರೂ ಅವರು ನಮ್ಮನ್ನು ನೇರವಾಗಿ ಕೇಳುತ್ತಿದ್ದರು, ಅಂಥ ಜನ. ನಾನು ಯಾರಿಗೆ ಅಂಜಿ ಅದೆಲ್ಲ ಮಾಡಿದೆನೋ ಅವರಿಗೆ ಅಂಜುವ ಅಗತ್ಯವೇ ಇರಲಿಲ್ಲ. ಫೋನು ಕೆಳಗಿಟ್ಟು ನಾನು ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ.

ಸಂಜೆ ಮಗಳು ಬಂದಾಗ ಸುದ್ದಿ ಹೇಳಿದೆ. ಅವಳು ಹಿತ್ತಲಿನಲ್ಲಿ ಬಟ್ಟೆ ತೆಗೆಯುತ್ತಿದ್ದಳು.

"ನನಗೂ ಒಪ್ಪಿಗಿ ಐತಿ. ಹೂಂ ಅನ್ನು" ಎಂದಳು. ಒಣಗಿದ ಸೀರೆ ಮಡಚುತ್ತ, ಮುಖ ನೋಡದೆಯೇ ಮುಂದುವರಿಸಿದಳು. "ಅವ್ವಾ, ಒಂದು ಕೇಳ್ತೇನಿ, ಖರೆ ಹೇಳು. ಆ ಫಿಟ್ಸ್ ನಾಯಿಗಲ್ಲ, ನನಗ ಬರ್ತಿದ್ವು ಅಂತ ತಿಳಿ. ಅವರು ಬರೂ ಮುಂದ ನನಗೂ ಬರೇ ಮುಟಗಿ ಕೊಡ್ತಿದ್ದೇನು?"

"ಹುಚ್ಚಿ, ಎಂಥಾ ಮಾತಾಡ್ತೀ! ಹೊಟ್ಟೀಲೆ ಹುಟ್ಟಿದ ಮಗಳೆಲ್ಲಿ, ನಾಯೆಲ್ಲಿ. ನಿನ್ನ ಸಲುವಾಗಿನ ಅಲ್ಲೇನ ನಾ ಎಲ್ಲಾ ಮಾಡಿದ್ದು. ತಾಯಿ ಸಂಕಟ ನಿನಗೇನ ಗೊತ್ತಾಗತೈತಿ..." ನಾನು ಹೀಗೆಯೇ ಬಹಳ ಹೊತ್ತು ಮಾತಾಡಿದೆ. ಅವಳು ಸೀರೆಯನ್ನು ಎದೆಗೆ ಹಿಡಿದುಕೊಂಡು ಕಾಯುತ್ತ ನಿಂತಳು. ಅವಳಿಗೆ ಬೇಕಾಗಿದ್ದುದು "ಇಲ್ಲ" ಎಂಬ ಒಂದೇ ಮಾತು. ನಾನು ಆಡಿದ ಅಷ್ಟು ಮಾತಿನಲ್ಲಿ ಅದೊಂದು ಇರಲಿಲ್ಲ. ಕೊನೆಗೆ ಅವಳು ಬಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಈಗ ಅವಳು ಬಾದಾಮಿಯಲ್ಲಿ ಸುಖವಾಗಿದ್ದಾಳೆ. ಎರಡು ದಿನಕ್ಕೊಮ್ಮೆ ಫೋನು ಮಾಡುತ್ತಾಳೆ, ಊಟ ಆಯಿತೇ ಎನ್ನುತ್ತಾಳೆ, ಆ ಪ್ರಶ್ನೆಯನ್ನು ಮತ್ತೆ ಕೇಳಿಲ್ಲ. ಫೋನು ಬಂದಾಗಲೆಲ್ಲ ಇವತ್ತು ಹೇಳಿಬಿಡೋಣ ಎಂದುಕೊಳ್ಳುತ್ತೇನೆ. ಸುಳ್ಳು ಹೇಳುವುದು ನನಗೆ ಕಷ್ಟವಲ್ಲ, ಅದು ನಿಮಗೂ ತಿಳಿದಿದೆ. ಆದರೆ ಈ "ಇಲ್ಲ" ಒಂದನ್ನು ಹೇಳಲು ಹೋದರೆ ಬಾಯಿ ಏಳುವುದಿಲ್ಲ.